ಹೊಂಡ ಮುಚ್ಚಿದವನು

ಯಲ್ಲಾಪುರದಲ್ಲಿ ನನ್ನನ್ನು ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುವ ಮನುಷ್ಯನೊಬ್ಬನಿದ್ದಾನೆ. ಅವನು ಹಾಗೆ ದಾಟಿದಾಗಲೆಲ್ಲ ನನಗೆ ಒಳಗೊಳಗೇ ಸಂತೋಷವಾಗುತ್ತದೆ. ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಎಂದು ನಮ್ಮ ಓಣಿಯ ಹಿರಿಯ ಹೆಂಗಸರು ಹೇಳುತ್ತಾರೆ. ನನ್ನದು ಇಳಿದಿಲ್ಲ. ಇಳಿಯಲಿ ಎಂದು ನಾನು ಬಯಸಿದ್ದೂ ಇಲ್ಲ.

ಅವನು ನನ್ನ ಗಂಡನ ಬಾಲ್ಯದ ಗೆಳೆಯ. ಇಬ್ಬರೂ ಒಂದೇ ಶಾಲೆಯಲ್ಲಿ ಕಲಿತವರು, ಒಂದೇ ಮಸೀದಿಯಲ್ಲಿ ನಮಾಜು ಮಾಡುವವರು. ನಮ್ಮ ನಿಕಾಹದ ದಿನ ಮದುಮಗನ ಪಕ್ಕದಲ್ಲಿ ಕೂತವನು ಅವನೇ. ನನ್ನ ಗಂಡ ಅಪ್ಪನಿಂದ ಬಂದ ಗಾದಿ ಹೊಲಿಯುವ ಕೆಲಸ ಹಿಡಿದರು. ಅವನು ಲಾರಿಯಲ್ಲಿ ಕ್ಲೀನರ್ ಆಗಿ ಹೋಗಿ, ಡ್ರೈವರ್ ಆಗಿ, ಕಡೆಗೆ ತಾನೇ ಲಾರಿಗಳ ಮಾಲೀಕನಾದ. ಅದು ಅವನ ದುಡಿಮೆ, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ಅವನ ಮಗಳ ಮದುವೆಗೆ ಗಾದಿ, ದಿಂಬು, ರಜಾಯಿ ಎಲ್ಲವನ್ನೂ ನಾವೇ ಹೊಲಿದುಕೊಟ್ಟೆವು. ಆ ರಜಾಯಿಯ ಅಂಚಿಗೆ ನಾನು ಹಾಕಿದ ಹೊಲಿಗೆ ನೆನಪಾದರೆ ಈಗಲೂ ಬಿಚ್ಚಿ ತರಬೇಕು ಅನ್ನಿಸುತ್ತದೆ.

ನಮ್ಮ ಅಂಗಡಿ ಇದ್ದದ್ದು ಕಿರವತ್ತಿ ಕಡೆ ಹೋಗುವ ಹೆದ್ದಾರಿಯ ಬದಿಗೆ, ಊರು ಮುಗಿಯುವ ಜಾಗದಲ್ಲಿ. ಮುಂದೆ ಅಂಗಡಿ, ಹಿಂದೆ ತಗಡಿನ ಶೆಡ್ಡು. ಶೆಡ್ಡಿನಲ್ಲಿ ಹತ್ತಿ ಹಿಂಜುವ ಯಂತ್ರ, ಸುತ್ತ ಹತ್ತಿಯ ಮೂಟೆಗಳು. ಗಂಡ ಯಂತ್ರ ನೋಡಿಕೊಳ್ಳುತ್ತಿದ್ದರು. ನಾನು ಹತ್ತಿ ತುಂಬಿ, ಕೋಲಿನಿಂದ ಬಡಿದು ಸಮ ಮಾಡಿ, ದಪ್ಪ ಸೂಜಿಯಲ್ಲಿ ಹೊಲಿಗೆ ಹಾಕುತ್ತಿದ್ದೆ. ಹತ್ತಿಯ ಕೂದಲು ನಮ್ಮ ತಲೆ, ಹುಬ್ಬು, ಅನ್ನದ ತಟ್ಟೆ ಎಲ್ಲದರ ಮೇಲೂ ಕೂರುತ್ತಿತ್ತು. ಮದುವೆಯಾದ ಹೊಸತರಲ್ಲಿ ಸೀನಿ ಸೀನಿ ಸಾಕಾಗುತ್ತಿತ್ತು, ಆಮೇಲೆ ರೂಢಿಯಾಯಿತು.

ಶೆಡ್ಡಿನ ಹಿಂದೆ, ಒಂದಷ್ಟು ಖಾಲಿ ಜಾಗ ದಾಟಿದರೆ, ಹಳೆಯ ಚಿರೆಕಲ್ಲಿನ ಹೊಂಡವಿತ್ತು. ಯಾವ ಕಾಲದಲ್ಲೋ ಕಲ್ಲು ಕಡಿದು ಬಿಟ್ಟ ಜಾಗ. ಅಡಿಯಲ್ಲಿ ಒರತೆ ಇದ್ದುದರಿಂದ ಬೇಸಿಗೆಯಲ್ಲೂ ಅದರಲ್ಲಿ ನೀರಿರುತ್ತಿತ್ತು. ನಾವು ಗಾದಿಯ ಹಳೆ ಬಟ್ಟೆಗಳನ್ನು ಅಲ್ಲೇ ಒಗೆಯುತ್ತಿದ್ದೆವು. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿದ್ದಾಗ ಫೈರ್ ಗಾಡಿ ಅಲ್ಲಿಗೆ ಬಂದು, ದಪ್ಪ ಪೈಪು ಇಳಿಬಿಟ್ಟು, ಹೊಟ್ಟೆ ತುಂಬಾ ನೀರು ಎಳೆದುಕೊಂಡು ಹೋಗುತ್ತಿತ್ತು. ಗಾಡಿಯವರು ನಮ್ಮ ಅಂಗಡಿಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು.

ಊರು ಆ ಕಡೆಗೆ ಬೆಳೆಯತೊಡಗಿತು. ಮಂಚಿಕೇರಿ ಕಡೆಯ ತೋಟದವರು, ಮುಂಡಗೋಡದ ಕಡೆಯ ನೌಕರಿಯವರು, ಎಲ್ಲರಿಗೂ ಯಲ್ಲಾಪುರದಲ್ಲಿ ಒಂದು ಸೈಟು ಬೇಕಾಯಿತು. ಅವನು ನಮ್ಮ ಹಿಂದಿನ ಖಾಲಿ ಜಾಗವನ್ನು ಕೊಂಡು ಲೇಔಟ್ ಮಾಡಿದ. ನಮ್ಮ ಶೆಡ್ಡಿಗೆ ತಾಗಿದಂತೆ ತನ್ನ ಲಾರಿ ಸಾಮಾನಿನ ಗೋಡೌನು ಕಟ್ಟಿಸಿದ. ಆಮೇಲೆ ಒಂದು ಬೇಸಿಗೆ ಪೂರ್ತಿ ಅವನ ಲಾರಿಗಳು ಕೆಂಪು ಮಣ್ಣು ತಂದು ಹೊಂಡಕ್ಕೆ ಸುರಿದವು. ಹೊಂಡ ಅವನದಲ್ಲ, ಊರಿನದು. ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ನನ್ನ ಗಂಡ ಮಾತ್ರ, ಗೆಳೆಯನೆಂಬ ಸಲುಗೆಯಿಂದ, ಫೈರ್ ಗಾಡಿಗೆ ನೀರು ಸಿಗುವ ಜಾಗ ಅದೊಂದೇ ಅಲ್ಲವಾ ಎಂದು ಕೇಳಿದರು. ಅವನು ಇವರ ಹೆಗಲ ಮೇಲೆ ಕೈ ಹಾಕಿ ನಕ್ಕ. ಇನ್ನು ಮನೆಮನೆಗೆ ನಲ್ಲಿ ಬರುತ್ತದೆ, ಸೊಳ್ಳೆ ಸಾಕಲು ಹೊಂಡ ಯಾಕೆ ಎಂದ. ಮಣ್ಣು ತುಂಬಿದ ಜಾಗದ ಒಂದು ಮೂಲೆಗೆ ತನ್ನ ಆಫೀಸು ಕಟ್ಟಿಸಿದ. ಉಳಿದದ್ದಕ್ಕೆ ಬೇಲಿ ಹಾಕಿ, ಗೇಟು ನಿಲ್ಲಿಸಿ, 'ಉದ್ಯಾನವನ' ಎಂದು ಬೋರ್ಡು ಹೊಡೆಸಿದ. ಒಂದು ಗಿಡವನ್ನೂ ನೆಡಲಿಲ್ಲ.

ನಲ್ಲಿಗಳು ಬಂದವು. ನೀರು ಮಾತ್ರ ಊರಿನ ಅದೇ ಹಳೆಯ ಟ್ಯಾಂಕಿನಿಂದ ಬರಬೇಕು. ಹೊಸ ಮನೆಗಳೆಲ್ಲ ಅದಕ್ಕೇ ಬಾಯಿ ಹಚ್ಚಿದವು. ಏಪ್ರಿಲ್ ಬಂತೆಂದರೆ ನಲ್ಲಿ ತಿರುಗಿಸಿದಾಗ ಗಾಳಿಯ ಸದ್ದು ಬರುತ್ತಿತ್ತು.

ಬೆಂಕಿ ಬಿದ್ದದ್ದು ಅಂಥದೇ ಒಂದು ಬೇಸಿಗೆಯ ಮಧ್ಯಾಹ್ನ. ಗಾಳಿ ಜೋರಾಗಿತ್ತು. ಶೆಡ್ಡಿನ ಮೇಲೆ ಹಾದುಹೋಗಿದ್ದ ಕರೆಂಟಿನ ತಂತಿಗಳು ಒಂದಕ್ಕೊಂದು ತಾಗಿ ಕಿಡಿ ಉದುರಿದವು. ಎದುರಿನ ಪಂಕ್ಚರ್ ಅಂಗಡಿಯವ ಕಣ್ಣಾರೆ ಕಂಡು ಕೂಗಿಕೊಂಡ. ನಾನು ತಿರುಗಿ ನೋಡುವಷ್ಟರಲ್ಲಿ ಶೆಡ್ಡಿನ ಬಾಗಿಲಲ್ಲಿ ಹೊಗೆ ಕಾಣಿಸಿತು. ಗಂಡ ಕೆಮ್ಮುತ್ತಾ ಹೊರಗೆ ಬಂದರು. ನಾವು ಕುಡಿಯಲು ತುಂಬಿಟ್ಟಿದ್ದ ಕೊಡಗಳನ್ನೆಲ್ಲ ಎರಚಿದೆವು. ಅಕ್ಕಪಕ್ಕದವರು ತಮ್ಮ ಮನೆಯ ನೀರು ತಂದರು. ಎಷ್ಟು ಮನೆಯಲ್ಲಿ ಎಷ್ಟು ನೀರಿದ್ದೀತು ಆ ದಿನಗಳಲ್ಲಿ?

ಫೈರ್ ಗಾಡಿ ಬೇಗನೇ ಬಂತು. ಅದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಗಾಡಿಯವರು ಇಳಿದವರೇ ಪೈಪು ಎಳೆದು ನೀರು ಬಿಟ್ಟರು. ಜ್ವಾಲೆ ತಗ್ಗಿತು. ನಾನು ಅಲ್ಲಾಹನ ಹೆಸರು ಹೇಳಿ ಉಸಿರು ಬಿಟ್ಟೆ. ಆದರೆ ಹತ್ತಿಯ ಬೆಂಕಿ ಮೇಲೆ ಆರಿದಂತೆ ಕಂಡರೂ ಮೂಟೆಯ ಒಳಗೊಳಗೇ ಸರಿಯುತ್ತಾ ಹೋಗುತ್ತದೆ. ಅದನ್ನು ನೀರಿನಲ್ಲಿ ನೆನೆಸಿ ನೆನೆಸಿ ಕೊಲ್ಲಬೇಕು. ಗಾಡಿಯಲ್ಲಿ ಇನ್ನೂ ಸ್ವಲ್ಪ ನೀರಿತ್ತು. ಆಗ ಅವನು ಬಂದ.

ಬಂದವನು ನಮ್ಮ ಕಡೆ ನೋಡಲಿಲ್ಲ. ಸೀದಾ ಪೈಪು ಹಿಡಿದವರ ಹತ್ತಿರ ಹೋದ. ನಾನು ಅವನ ಬೆನ್ನ ಹಿಂದೆಯೇ ನಿಂತಿದ್ದೆ, ಅವನಿಗೆ ಗೊತ್ತಿರಲಿಲ್ಲ.

"ಹತ್ತಿ ಅಂಗಡಿ ಅಲ್ವಾ, ಅದು ಹೋಯ್ತು ಬಿಡಿ. ಉಳಿದ ನೀರು ನನ್ನ ಗೋಡೌನಿನ ಗೋಡೆಗೆ ಹೊಡೀರಿ."

ಪೈಪು ತಿರುಗಿತು. ಬೆಂಕಿಯೇ ತಾಗದ ಒಂದು ಬಿಳಿ ಗೋಡೆಯ ಮೇಲೆ ಗಾಡಿಯ ಕೊನೆಯ ನೀರು ಸುರಿದು, ಚರಂಡಿಗೆ ಹರಿದುಹೋಯಿತು. ಬೆಂಕಿ ಹರಡದಂತೆ ಪಕ್ಕದ ಕಟ್ಟಡ ನೆನೆಸುವುದು ತಮ್ಮ ಕೆಲಸದ ರೀತಿ ಎಂದು ಗಾಡಿಯವರು ಆಮೇಲೆ ನನಗೆ ತಿಳಿಸಿ ಹೇಳಿದರು. ಇರಬಹುದು. ಅವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಕಿವಿಯಲ್ಲಿ ಉಳಿದದ್ದು "ಅದು ಹೋಯ್ತು ಬಿಡಿ" ಎಂಬ ಮಾತು. ನಮ್ಮ ಅನ್ನದ ಬಗ್ಗೆ, ಅದನ್ನು ಉಂಡವನೇ ಆಡಿದ ಮಾತು.

ಗಾಡಿ ನೀರು ತುಂಬಿಸಿಕೊಳ್ಳಲು ಹೊರಟಿತು. ಡ್ರೈವರ್ ಹಳಬ, ಬೇರೆ ಊರುಗಳಲ್ಲಿ ಇದ್ದು ಆಗಷ್ಟೇ ಮರಳಿ ಬಂದಿದ್ದ. ಹಿಂದಿನ ರೂಢಿಯಂತೆ ಹೊಂಡದ ದಾರಿಗೇ ಗಾಡಿ ತಿರುಗಿಸಿದ. ನಾನು ಓಡಿ ಬೇಡವೆಂದು ಕೈ ಬೀಸಿದೆ, ಅವನಿಗೆ ಕಾಣಲಿಲ್ಲ. ಗಾಡಿ 'ಉದ್ಯಾನವನ'ದ ಗೇಟಿನ ಮುಂದೆ ನಿಂತಿತು. ಡ್ರೈವರ್ ಇಳಿದು, ಬೇಲಿಯ ಮೇಲಿಂದ ಕೆಂಪು ಮಣ್ಣು ನೋಡಿ, ತಲೆಯ ಮೇಲೆ ಕೈ ಇಟ್ಟುಕೊಂಡ. ಆ ಸಂದಿಯಲ್ಲಿ ದೊಡ್ಡ ಗಾಡಿಯನ್ನು ಹಿಂದೆ ತೆಗೆಯಲು ಮತ್ತಷ್ಟು ಹೊತ್ತು ಹೋಯಿತು. ಊರಿನ ಟ್ಯಾಂಕಿನಲ್ಲಿ ನೀರಿಲ್ಲವೆಂದು ತಿಳಿದು ಅದು ದೂರದ ಹಳ್ಳಕ್ಕೆ ಹೋಯಿತು. ಶಿರಸಿಯಿಂದ ಇನ್ನೊಂದು ಗಾಡಿ ಹೊರಟಿದೆ ಎಂದರು. ಶಿರಸಿಯಿಂದ ಯಲ್ಲಾಪುರಕ್ಕೆ ಗಂಟೆಗೂ ಮೇಲಿನ ದಾರಿ ಎಂದು ಬಲ್ಲವರಿಗೆ ಗೊತ್ತು.

ಗಾಡಿ ಆಚೆ ಹೋದಾಗ ಶೆಡ್ಡು ಬರೀ ಹೊಗೆಯಾಡುತ್ತಿತ್ತು. ಜ್ವಾಲೆ ಇರಲಿಲ್ಲ. ಗಂಡನಿಗೆ ಯಂತ್ರ ಉಳಿಸುವ ಆಸೆಯಾಯಿತು. ಅದು ಅವರ ಅಪ್ಪ ತಂದ ಯಂತ್ರ. ನಾನು ಅಂಗಿ ಹಿಡಿದು ಎಳೆದೆ, ಕೊಸರಿಕೊಂಡು ಒಳಗೆ ಹೋದರು. ಅವರು ಮೂಟೆಯೊಂದನ್ನು ಬದಿಗೆ ಸರಿಸಿದ್ದೇ ತಡ, ಒಳಗೆ ಕೂತಿದ್ದ ಬೆಂಕಿಗೆ ಗಾಳಿ ಸಿಕ್ಕಿ ಭಗ್ಗೆಂದು ಎದ್ದಿತು. ಪಂಕ್ಚರ್ ಅಂಗಡಿಯವ ಒದ್ದೆ ಗೋಣಿ ಹೊದ್ದು ನುಗ್ಗಿ ಅವರನ್ನು ಹೊರಗೆ ಎಳೆದು ಹಾಕಿದ. ಎರಡೂ ಕೈ ಸುಟ್ಟು ಚರ್ಮ ಜೋತುಬಿದ್ದಿತ್ತು. ಗಾಡಿ ನೀರು ತುಂಬಿಕೊಂಡು ಬಂದಾಗ ಅಂಗಡಿ, ಶೆಡ್ಡು, ಯಂತ್ರ ಯಾವುದೂ ಇರಲಿಲ್ಲ. ಅವನ ಗೋಡೌನಿನ ಗೋಡೆಗೆ ಮಸಿಯೂ ಹಿಡಿದಿರಲಿಲ್ಲ.

ಹುಬ್ಬಳ್ಳಿಯ ಆಸ್ಪತ್ರೆಗೆ ಅವನು ಸೇಬು, ಮೋಸಂಬಿ ಹಿಡಿದುಕೊಂಡು ನೋಡಲು ಬಂದ. ಸ್ಟೂಲಿನ ಮೇಲೆ ಕೂತು, ಹತ್ತಿ ಇಟ್ಟವರು ಇನ್ನೂ ಹುಷಾರಾಗಿರಬೇಕು ಎಂದು ಬುದ್ಧಿ ಹೇಳಿದ. ನನ್ನ ಗಂಡ ಬ್ಯಾಂಡೇಜಿನ ಕೈಗಳನ್ನು ಎದೆಯ ಮೇಲೆ ಇಟ್ಟುಕೊಂಡು ಹೂಂ ಹೂಂ ಎನ್ನುತ್ತಿದ್ದರು. ನಾನು ಹಣ್ಣಿನ ಚೀಲವನ್ನು ಅವನ ಎದುರೇ ಪಕ್ಕದ ಹಾಸಿಗೆಯವರಿಗೆ ಕೊಟ್ಟೆ. ಅವನು ಹೋದ ಮೇಲೆ ಗಂಡ ನನ್ನನ್ನು ಗದರಿದರು. ಆದದ್ದು ಆಯಿತು, ಮೇಲಿನವನು ನೋಡಿಕೊಳ್ಳುತ್ತಾನೆ ಎಂದರು. ಅವರಿಗೆ ನಾನೇ ತುತ್ತು ಮಾಡಿ ಉಣಿಸುತ್ತಿದ್ದ ದಿನಗಳವು. ಮೇಲಿನವನಿಗೆ ನೋಡಿಕೊಳ್ಳಲು ಬೇರೆ ಬೇಕಾದಷ್ಟು ಕೆಲಸವಿದೆ, ಇವನನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಆವತ್ತೇ ಮನಸ್ಸಿನಲ್ಲಿ ಅಂದುಕೊಂಡೆ.

ಕೈ ವಾಸಿಯಾಯಿತು. ಬೆರಳುಗಳು ಮಾತ್ರ ಒಳಕ್ಕೆ ಮಡಚಿಕೊಂಡು ನಿಂತುಬಿಟ್ಟವು. ಸೂಜಿ ಹಿಡಿಯಲು ಬರುವುದಿಲ್ಲ, ಅಂಗಿಯ ಗುಂಡಿ ಹಾಕಿಕೊಳ್ಳಲು ಬರುವುದಿಲ್ಲ. ನಾನು ಮನೆಯ ಮುಂದಿನ ಜಗುಲಿಗೆ ತಗಡು ಇಳಿಸಿ, ಹಿಂಜಿದ ಹತ್ತಿಯನ್ನು ಹೊರಗಿನಿಂದ ತರಿಸಿ, ಒಬ್ಬಳೇ ಗಾದಿ ಹೊಲಿಯತೊಡಗಿದೆ. ಗಂಡ ಬಂದವರ ಜೊತೆ ಮಾತಾಡುತ್ತಾ ಕೂರುತ್ತಿದ್ದರು. ಕೋಲಿನಿಂದ ಹತ್ತಿ ಬಡಿಯುವಾಗ ನನ್ನ ಕಣ್ಣೆದುರು ಯಾರ ಬೆನ್ನು ಇರುತ್ತಿತ್ತು ಎಂದು ಹೇಳಬೇಕಾಗಿಲ್ಲ. ಆ ವರ್ಷ ನಾನು ಹೊಲಿದ ಗಾದಿಗಳಷ್ಟು ಸಮನಾದ ಗಾದಿ ಮುಂಚೆ ಎಂದೂ ಹೊಲಿದಿರಲಿಲ್ಲ.

ಸೇಡಿನ ದಾರಿ ನಾನು ಹುಡುಕಿ ಕಂಡದ್ದಲ್ಲ, ಅದೇ ನಮ್ಮ ಜಗುಲಿಗೆ ನಡೆದು ಬಂತು. ಮಂಚಿಕೇರಿ ಕಡೆಯ ಗಂಡಹೆಂಡತಿ ಗಾದಿಯ ಅಳತೆ ಕೊಡಲು ಬಂದಿದ್ದರು. ಹೊಸ ಮನೆ ಎಲ್ಲಿ ಎಂದು ನಾನು ಸುಮ್ಮನೆ ಕೇಳಿದೆ. ಅವನ ಲೇಔಟಿನಲ್ಲಿ ಸೈಟು ನೋಡಿದ್ದಾರಂತೆ, ಮಾತುಕತೆ ಮುಗಿಯುವುದರಲ್ಲಿದೆ. ನಾನು ಸೂಜಿ ಕೆಳಗಿಟ್ಟು, ಆ ಜಾಗದಲ್ಲಿ ಹೊಂಡವಿತ್ತು, ಈಗ ಇಲ್ಲ, ಬೆಂಕಿ ಬಿದ್ದರೆ ಆರಿಸಲು ನೀರಿಲ್ಲ ಎಂದು ಹೇಳಿದೆ. ಗಂಡನನ್ನು ಕರೆದು ಅವರ ಕೈ ತೋರಿಸಿದೆ. ಹೆಂಗಸು ಆ ಬೆರಳುಗಳನ್ನು ನೋಡಿ, ತನ್ನ ಗಂಡನ ಕಡೆ ತಿರುಗಿ ತಮ್ಮ ಹವ್ಯಕ ಮಾತಿನಲ್ಲಿ ಮೆಲ್ಲಗೆ ಅಂದರು:

"ನೀರೇ ಇಲ್ಲೆ ಹೇಳಾದ್ರೆ ಆನು ಅಲ್ಲಿಗೆ ಬತ್ನಿಲ್ಲೆ."

ಅವರು ಬೇರೆ ಕಡೆ ಸೈಟು ಕೊಂಡರು. ಗಾದಿ ನನ್ನ ಹತ್ತಿರವೇ ಹೊಲಿಸಿದರು. ಆ ಸಂಜೆ ಎಷ್ಟೋ ತಿಂಗಳ ಮೇಲೆ ನನಗೆ ಊಟ ರುಚಿಸಿತು.

ಅಲ್ಲಿಂದ ನಾನು ಯಾರನ್ನೂ ಬಿಡಲಿಲ್ಲ. ಹೊಸ ಮನೆ ಕಟ್ಟಿಸುವವರೆಲ್ಲ ಗಾದಿಗೆ ಬರಲೇಬೇಕಲ್ಲ. ಬಂದವರಿಗೆಲ್ಲ ಹೇಳಿದೆ. ಕಿರವತ್ತಿಯ ಢಾಬಾದವರೊಬ್ಬರು ನಂಬದೆ "ಖರೇನ ಅಕ್ಕಾರ?" ಎಂದರು. ಅವರನ್ನು ಕರೆದುಕೊಂಡು ಹೋಗಿ ಗೇಟಿನ ಮುಂದೆ ನಿಲ್ಲಿಸಿ, ಫೈರ್ ಗಾಡಿ ಎಲ್ಲಿ ನಿಂತು ವಾಪಸು ತಿರುಗಿತು ಎಂದು ತೋರಿಸಿದೆ. ಆಗಲೇ ಮನೆ ಕಟ್ಟಿ ಕೂತವರ ಮಂಚದ ಅಳತೆ ತೆಗೆಯಲು ಲೇಔಟಿನ ಒಳಗೇ ಹೋಗುತ್ತಿದ್ದೆ. ಅಡುಗೆಮನೆಯಲ್ಲಿ ಹೆಂಗಸರ ಜೊತೆ ಚಹಾ ಕುಡಿಯುತ್ತಾ, ಸಿಲಿಂಡರಿಗೆ ಬೆಂಕಿ ಹತ್ತಿದರೆ ಏನು ಮಾಡುತ್ತೀರಿ ಎಂದು ಕೇಳುತ್ತಿದ್ದೆ. ಅವರ ಮುಖ ಬಿಳಿಚಿಕೊಳ್ಳುವುದನ್ನು ನೋಡುತ್ತಿದ್ದೆ. ಅವರನ್ನು ಹೆದರಿಸುವುದು ನನಗೆ ಇಷ್ಟವೇನೂ ಇರಲಿಲ್ಲ. ಆದರೆ ಆ ಹೆದರಿಕೆ ಸಂಜೆಯೊಳಗೆ ಅವನ ಬಾಗಿಲಿಗೆ ಹೋಗಿ ಮುಟ್ಟುತ್ತದೆ ಎಂಬುದು ನನಗೆ ಬೇಕಾಗಿತ್ತು. ನಾನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಸುಳ್ಳು ಹೇಳಿದ್ದರೆ ಅವನು ಗೆದ್ದುಬಿಡುತ್ತಿದ್ದ.

ಸೈಟುಗಳು ಹೋಗುವುದು ನಿಂತಿತು. ಒಂದು ದಿನ ಅವನೇ ನಮ್ಮ ಜಗುಲಿಗೆ ಬಂದ. ಗಂಡ ಎದ್ದು ಕುರ್ಚಿ ಸರಿಸಿಕೊಟ್ಟರು. ಅವನು ನಮ್ಮ ಮನೆಮಾತಾದ ಉರ್ದುವಿನಲ್ಲಿ, ತಗ್ಗಿದ ದನಿಯಲ್ಲಿ ಶುರುಮಾಡಿದ. ನಾನು ಬೇಕೆಂದೇ ಕನ್ನಡದಲ್ಲಿ ಉತ್ತರ ಕೊಟ್ಟೆ; ಜಗುಲಿಯಲ್ಲಿ ಗಿರಾಕಿಗಳಿದ್ದರು, ಅವರಿಗೂ ತಿಳಿಯಲಿ ಎಂದು. ಅವನೂ ಕನ್ನಡಕ್ಕೆ ಹೊರಳಬೇಕಾಯಿತು.

"ಭಾಭಿ, ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತಾ ಇದ್ದೀರಿ?"

"ನಾನು ಹೇಳಿದ್ರಲ್ಲಿ ಸುಳ್ಳು ಯಾವ್ದು ಹೇಳಿ. ಅದನ್ನು ಇವತ್ತಿಂದ ಬಿಡ್ತೇನೆ."

ಅವನು ಮಾತು ಬದಲಿಸಿದ. ಅಂಗಡಿಯನ್ನು ಮೊದಲಿನಂತೆಯೇ ಕಟ್ಟಿಸಿಕೊಡುತ್ತೇನೆ, ಹೊಸ ಯಂತ್ರ ತರಿಸುತ್ತೇನೆ ಎಂದ. ಗಂಡನ ಮುಖ ಅರಳಿತು. ನಾನು ಸೂಜಿಗೆ ದಾರ ಪೋಣಿಸುತ್ತಾ, ಅಂಗಡಿ ಬೇಡ, ಹೊಂಡ ತೆಗೆಸಿ ಎಂದೆ. ಅಲ್ಲಿ ನನ್ನ ಆಫೀಸು ಇದೆಯಲ್ಲ ಎಂದ. ಒಡೆಯಿರಿ ಎಂದೆ.

"ಅಷ್ಟು ದ್ವೇಷವಾ?"

"ಇನ್ನೂ ಇದೆ. ಇಷ್ಟೇ ತೋರಿಸಿದ್ದು."

ಅವನು ಚಹಾ ಮುಟ್ಟದೆ ಎದ್ದುಹೋದ. ಆವತ್ತು ಗಂಡ ಮತ್ತು ನಾನು ಮದುವೆಯಾದ ಮೇಲೆ ಎಂದೂ ಆಡದಷ್ಟು ಮಾತಾಡಿದೆವು. ಅಂಗಡಿ ಬರುತ್ತಿತ್ತು, ಅದನ್ನು ನೀನು ಒದ್ದುಬಿಟ್ಟೆ ಎಂದರು. ಸುಟ್ಟದ್ದು ನನ್ನ ಕೈ, ನಾನೇ ಮಾಫ್ ಮಾಡಿದ ಮೇಲೆ ನಿನ್ನದೇನು ಎಂದರು. ಆ ಕೈಗೆ ದಿನಾ ಗುಂಡಿ ಹಾಕುವವಳು ನಾನು ಎಂದೆ. ಅವರು ಗೋಡೆಯ ಕಡೆ ತಿರುಗಿ ಮಲಗಿದರು. ಮರುವಾರ ಮಸೀದಿಯ ಹಿರಿಯರು ಬಂದು, ಮಾಫ್ ಮಾಡಿದವರಿಗೆ ಸಿಗುವ ಪುಣ್ಯದ ಬಗ್ಗೆ ತಿಳಿಹೇಳಿದರು. ನಾನು ತಲೆಯ ಮೇಲೆ ಸೆರಗು ಎಳೆದುಕೊಂಡು ಪೂರ್ತಿ ಕೇಳಿಸಿಕೊಂಡೆ. ನೀರಿದ್ದ ಜಾಗದಲ್ಲಿ ನೀರು ಬರಲಿ, ಆಮೇಲೆ ಮಾತಾಡೋಣ ಎಂದೆ. ಅವರಲ್ಲಿ ಒಬ್ಬರು ಹೋಗುವಾಗ ನನ್ನನ್ನೇ ನೋಡಿ, ತಪ್ಪೇನು ಹೇಳಿದಳು ಎಂದು ಉಳಿದವರಿಗೆ ಹೇಳಿದ್ದು ಕೇಳಿಸಿತು.

ಮುಂದಿನ ಬೇಸಿಗೆಯಲ್ಲಿ ಲೇಔಟಿನ ಒಂದು ಮನೆಯ ಅಡುಗೆಮನೆಗೆ ಬೆಂಕಿ ಹತ್ತಿತು. ಎಣ್ಣೆಯ ಬಾಣಲೆಯಿಂದ ಎದ್ದದ್ದು. ನಲ್ಲಿಯಲ್ಲಿ ನೀರಿರಲಿಲ್ಲ. ಮನೆ ಕಟ್ಟಲು ತಂದಿದ್ದ ಮರಳನ್ನು ಬುಟ್ಟಿಯಲ್ಲಿ ಹೊತ್ತು ಸುರಿದು ಹೇಗೋ ಆರಿಸಿದರು. ಯಾರಿಗೂ ಏನೂ ಆಗಲಿಲ್ಲ. ಸುದ್ದಿ ಕೇಳಿದಾಗ ನನಗೆ ಮೊದಲು ಬಂದ ಯೋಚನೆ, ಮನೆಯವರು ಕ್ಷೇಮವಾ ಎಂಬುದಲ್ಲ. ಈಗ ಸಿಕ್ಕಿಬಿದ್ದ ಎಂಬುದು. ಹಾಗೆ ಅನ್ನಿಸಿದ್ದಕ್ಕೆ ನಾನು ನಾಚಿಕೊಂಡಿಲ್ಲ.

ಅದೇ ಸಂಜೆ ಲೇಔಟಿನ ಜನ ಒಟ್ಟಾಗಿ ಅವನ ಮನೆಯ ಮುಂದೆ ಹೋಗಿ ನಿಂತರು. ನಾನು ಹೋಗಲಿಲ್ಲ. ಹೋಗುವ ಅಗತ್ಯವಿರಲಿಲ್ಲ, ನಾನು ಅಡುಗೆಮನೆಗಳಲ್ಲಿ ಆಡಿದ ಮಾತುಗಳನ್ನೇ ಅವರು ಅಲ್ಲಿ ಆಡಿದರಂತೆ. ಹೊಂಡ ಊರಿನದು, ನೀನು ಮುಚ್ಚಿದ್ದು, ನೀನೇ ತೆಗೆ ಎಂದರಂತೆ. ಇಲ್ಲವಾದರೆ ಕೋರ್ಟಿಗೆ ಹೋಗುತ್ತೇವೆ ಎಂದು ಅವರಲ್ಲಿದ್ದ ವಕೀಲರೊಬ್ಬರು ಹೇಳಿದರಂತೆ. ಅವನು ಸ್ವಲ್ಪ ದಿನ ಎಳೆದಾಡಿದ. ಕಡೆಗೆ ಒಪ್ಪಿದ.

ಆಫೀಸು ಒಡೆಯುವ ದಿನ ನಾನು ಕೆಲಸಕ್ಕೆ ರಜೆ ಹಾಕಿ, ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ಹೊತ್ತುಕೊಂಡು ಹೋಗಿ ಗೇಟಿನ ಬದಿಯ ನೆರಳಿನಲ್ಲಿ ಕೂತೆ. ಅವನು ಬಿಸಿಲಿನಲ್ಲಿ ನಿಂತಿದ್ದ. ಜೆಸಿಬಿಯ ಹಲ್ಲು ಗಾಜಿನ ಬಾಗಿಲಿಗೆ ತಾಗಿದಾಗ ಅವನು ಕಣ್ಣು ಮುಚ್ಚಿದ. ನಾನು ಮುಚ್ಚಲಿಲ್ಲ, ರೆಪ್ಪೆ ಕೂಡ ಬಡಿಯಲಿಲ್ಲ. ಗೋಡೆ ಬಿತ್ತು, ಸೂರು ಬಿತ್ತು, ಅವನು ಪ್ರೀತಿಯಿಂದ ಹಾಕಿಸಿದ್ದ ಹೊಳೆಯುವ ನೆಲಗಲ್ಲುಗಳು ಚೂರಾದವು. ಆಮೇಲೆ ಅವನದೇ ಲಾರಿಗಳು ಅವನೇ ಸುರಿಸಿದ್ದ ಮಣ್ಣನ್ನು ಹೊತ್ತು ಹೊರಗೆ ಹಾಕಿದವು. ಈ ಕೆಲಸ ಹಲವು ದಿನ ನಡೆಯಿತು, ನಾನು ದಿನಾ ಹೋದೆ. ತಳ ಸಿಕ್ಕ ದಿನ ಚಿರೆಕಲ್ಲಿನ ಸಂದಿಯಿಂದ ಕೆಂಪು ನೀರು ಜಿನುಗತೊಡಗಿತು. ಒರತೆ ಸತ್ತಿರಲಿಲ್ಲ. ಅವನು ನನ್ನ ಕುರ್ಚಿಯ ಹತ್ತಿರ ಬಂದು, ಮುಖ ಒರೆಸಿಕೊಳ್ಳುತ್ತಾ ಕೇಳಿದ:

"ಈಗ ಸಮಾಧಾನ ಆಯ್ತಾ ಭಾಭಿ?"

"ಇಲ್ಲ" ಎಂದೆ.

ಅದು ನಿಜ. ಆಗುತ್ತದೆ ಎಂದು ನಾನೂ ಅಂದುಕೊಂಡಿದ್ದೆ. ನೀರು ನೋಡಿದರೆ ಎದೆ ತಣ್ಣಗಾಗುತ್ತದೆ ಎಂದುಕೊಂಡಿದ್ದೆ. ನೀರು ನೋಡಿದಾಗ ನನಗೆ ಕಂಡದ್ದು, ಇಷ್ಟೇ ನೀರು ಆವತ್ತು ಇದ್ದಿದ್ದರೆ ಎಂಬುದು. ಸಿಟ್ಟು ಇನ್ನಷ್ಟು ಗಟ್ಟಿಯಾಯಿತು.

ಮಳೆಗಾಲ ಕಳೆದು ಹೊಂಡ ತುಂಬಿತು. ಸುತ್ತ ಗಟ್ಟಿ ಬೇಲಿ ಬಂತು, ಗಾಡಿ ತಿರುಗಿಸಲು ಜಾಗ ಬಿಟ್ಟರು. ಈ ಹೊಂಡ ಇಂಥವರ ಕೊಡುಗೆ ಎಂದು ಅವನ ಹೆಸರು ಬರೆದು ಒಂದು ಬೋರ್ಡು ನಿಲ್ಲಿಸಿದರು. ಜನರಿಗೆ ಮರೆವು ಎಷ್ಟು ಬೇಗ ಬರುತ್ತದೆ ನೋಡಿ. ನಾನು ಪೇಂಟಿನ ಅಂಗಡಿಯಿಂದ ಕಪ್ಪು ಬಣ್ಣದ ಡಬ್ಬಿ ತಂದು, ಹಾಡುಹಗಲಲ್ಲೇ, ನಾಲ್ಕು ಜನ ನೋಡುತ್ತಿರುವಾಗಲೇ ಆ ಸಾಲಿನ ಮೇಲೆ ಬಳಿದೆ. ಯಾರೂ ತಡೆಯಲಿಲ್ಲ. ಮತ್ತೆ ಯಾರೂ ಬರೆಸಲೂ ಇಲ್ಲ.

ಅವನು ಈಗ ಲೇಔಟಿನ ವ್ಯವಹಾರ ಬಿಟ್ಟಿದ್ದಾನೆ. ಮೊದಲಿನಂತೆ ಲಾರಿಗಳನ್ನೇ ನೋಡಿಕೊಳ್ಳುತ್ತಾನೆ. ಸಕ್ಕರೆ ಕಾಯಿಲೆ ಬಂದು ಇಳಿದುಹೋಗಿದ್ದಾನೆ. ಶುಕ್ರವಾರ ನಮಾಜು ಮುಗಿಸಿ ಅವನೂ ನನ್ನ ಗಂಡನೂ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಾರೆ. ಇವರಿಗೆ ಲೋಟ ಹಿಡಿಯಲು ಕಷ್ಟವಾದರೆ ಅವನೇ ಹಿಡಿಸುತ್ತಾನಂತೆ. ಯಾರೋ ಬಂದು ನನಗೆ ಹೇಳಿದರು. ನಾನು ಗಂಡನನ್ನು ತಡೆಯಲಿಲ್ಲ, ಜಗಳವಾಡಲಿಲ್ಲ. ಅವರ ಕೈ, ಅವರ ಗೆಳೆಯ, ಅವರ ಮಾಫಿ. ನನ್ನ ಪಾಲಿನದು ನನ್ನ ಹತ್ತಿರ ಇದೆ.

ಮೊನ್ನೆ ಶುಕ್ರವಾರ ಗಂಡ ಮನೆಗೆ ಬಂದು ಚಪ್ಪಲಿ ಬಿಡುತ್ತಾ, ಅವನು ನಿನ್ನನ್ನು ಕೇಳಿದ, ಹೇಗಿದ್ದಾಳೆ ಎಂದು ವಿಚಾರಿಸಿದ ಎಂದರು. ಇದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. ನಾನು ಎದ್ದು ಬಂದು, ಅವರ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದೆ.

"ಹಾಗೇ ಇದ್ದಾಳೆ ಅಂತ ಹೇಳಿ" ಎಂದೆ.